ಶಾಂತಕ್ಕನ ಟರ್ಮಿನಲ್ ತಾನಾಗಿ ಏಕೆ ಶುರುವಾಗುವುದಿಲ್ಲ

ಗೆಳೆಯರೇ, ನಮ್ಮ ಉಪ್ಪಲ್ ಆಫೀಸಿನಲ್ಲಿ ನಡೆಯುತ್ತಿರುವುದು ಶುದ್ಧ ಅನ್ಯಾಯ. ಬೆಳಿಗ್ಗೆ ಮೇನ್‌ಫ್ರೇಮ್ ತನ್ನ ಜಾಲವನ್ನು ತೆರೆದೊಡನೆ ಕಾಯಂ ನೌಕರರ ಟರ್ಮಿನಲ್‌ಗಳು ತಾವಾಗಿಯೇ ಚಾಲೂ ಆಗುತ್ತವೆ. ಗುತ್ತಿಗೆಯವರ ಹೊಸ ನಾಲ್ಕು ಮಾತ್ರ, ಹಿರಿಯರಾದ ಕುಲಕರ್ಣಿಯವರು ಬಂದು ಒಂದೊಂದಾಗಿ ಚಾಲೂ ಮಾಡುವವರೆಗೆ ಕಪ್ಪಗೆ ಕೂತಿರುತ್ತವೆ. ಲಾಗಿನ್ ಆದ ಹೊತ್ತೇ ಹಾಜರಿ. ಒಂಬತ್ತಕ್ಕೇ ಬರುವ ಗುತ್ತಿಗೆಯ ಶಾಂತಕ್ಕನಿಗೆ ಒಂದು ತಿಂಗಳಿಂದ ದಿನವೂ ‘ತಡ’. ಇಂದು ನೋಟಿಸೂ ಬಂತು.

ನಾನು ನೇರ ಕುಲಕರ್ಣಿಯವರ ಮೇಜಿಗೆ ಹೋಗಿ, “ಇದು ವರ್ಗಭೇದ ಐತ್ರಿ ಸರ್!” ಎಂದೆ.

“ಭಾಷಣ ಆಮ್ಯಾಲ ಮಾಡು ತಮ್ಮಾ. ಟರ್ಮಿನಲ್ ಪಟ್ಟಿ ತೆಗಿ. ಆ ನಾಲ್ಕರ ಮುಂದ ಏನೈತಿ?”

“ಶುರುವಿಗೆ ಬಂದ್ ಇಡಬೇಕು ಅಂತ ಐತ್ರಿ.”

“ಹಂಗಂತ ಪಟ್ಟಿ ಬರದಾಂವ ಯಾರು?”

ಪಟ್ಟಿಯ ಮೇಲೆ ನನ್ನದೇ ಹೆಸರಿತ್ತು. ಕಳೆದ ತಿಂಗಳು, ಶುರುವಿಗೆ ಬಂದ್ ಇಡುವ ಹಳೆಯ ಪ್ರಿಂಟರುಗಳ ಸಾಲುಗಳನ್ನೇ ಈ ಟರ್ಮಿನಲ್‌ಗಳಿಗೆ ನಕಲು ಮಾಡಿ, ಹೆಸರಷ್ಟೇ ಬದಲಿಸಿದ್ದೆ.

ಹಿಂದೆ ನಿಂತಿದ್ದ ಶಾಂತಕ್ಕ ನಕ್ಕರು. “ಲೀಡರ್ ಸಾಬ್, ಘೋಷಣೆ ಸಾಕು. ನನ್ನ ನೋಟಿಸಿಗೆ ಉತ್ತರ ಬರೀರಿ.”

ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ತಿದ್ದಿದ ಪಟ್ಟಿಯನ್ನು ಯಂತ್ರ ಓದುವುದು ಅದನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದಾಗಲೇ; ಅದು ರಜೆಯ ಭಾನುವಾರವಷ್ಟೇ ಸಾಧ್ಯ, ಆ ಕೆಲಸವೂ ನನ್ನ ಪಾಲಿಗೇ ಬಂತು. ಶ್ರಮಿಕರ ಮೇಲೆ ದಬ್ಬಾಳಿಕೆ ನಡೆಸಿದವನನ್ನು ಕಣ್ಣಾರೆ ನೋಡಬೇಕೆನ್ನುವ ಸಹೋದ್ಯೋಗಿಗಳು ಮೆಷಿನ್ ರೂಮಿಗೆ ಬನ್ನಿ: ಈ ಭಾನುವಾರ, ಬೆಳಿಗ್ಗೆ ಆರು ಗಂಟೆಗೆ.