ರಾಕ್ಷಸನ ಕಾಲಿನ ಬೂಟು

ಭಾನುವಾರ, ಮಧ್ಯಾಹ್ನ ಎರಡು ಗಂಟೆ, ಚಿನ್ನದ ಗಣಿಯೂರು ಉರಿಗಾಂನ ನಮ್ಮ ಮನೆ. ಹಾಜರಿದ್ದವರು: ನಾನು, ಗಣಿಯಲ್ಲಿ ನನ್ನ ಕೈಕೆಳಗೆ ದುಡಿದು ಈಗ ಬಂಗಾರಪೇಟೆಯಲ್ಲಿರುವ ವೆಂಕಟಪ್ಪ, ಅವನ ಹೆಂಡತಿ ಮುನಿಯಮ್ಮ. ಕಾರ್ಯಕ್ರಮ: ಹಳೆಯ ಪೌರಾಣಿಕ ಚಿತ್ರವೊಂದರ, ಗೀರು-ಮಸಿ ತೆಗೆದು ಹೊಸದಾಗಿ ಬೆಳಗಿಸಿದ ಪ್ರತಿಯ ಡಿಸ್ಕಿನ ವೀಕ್ಷಣೆ.

ಹೀಗೆ ಬೆಳಗಿಸುವುದರ ಮೇಲೆ ನನ್ನದೊಂದು ದೂರಿತ್ತು. ಗೀರು ಬಿದ್ದ ಪ್ರತಿಯಲ್ಲಿ ನೋಡಿ ನಾನು ಕೈಮುಗಿದಿದ್ದ ದೇವರ್ಷಿಗಳು ಈಗ ಸೊಂಟಕ್ಕೆ ಕಟ್ಟಿದ ತಂತಿಯ ಸಮೇತ ಗಗನದಲ್ಲಿ ತೂಗಾಡುತ್ತಾರೆ; ಬಟ್ಟೆಯ ಆ ಗಗನಕ್ಕೂ ಇಸ್ತ್ರಿಯಾಗಿಲ್ಲ; ಅಪ್ಸರೆಯ ತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತು. ದೇವಲೋಕದ ಆರೋಗ್ಯ ಇಲಾಖೆ ಇಷ್ಟು ಚುರುಕೆಂದು ನಿಮಗಾದರೂ ತಿಳಿದಿತ್ತೇ?

ವೆಂಕಟಪ್ಪ ನಗಲಿಲ್ಲ. ಆ ಚಿತ್ರದ ಯುದ್ಧ ನಡೆದದ್ದು ಗಣಿಯ ಪುಡಿಮಣ್ಣು ಸುರಿದು ಬೆಳೆದ ನಮ್ಮ ಸೈನೈಡ್ ದಿಬ್ಬಗಳ ಮೇಲೆ. ಮುನಿಯಮ್ಮ ಹೆರಿಗೆಗೆಂದು ಕಾಮಸಮುದ್ರದ ತವರಿಗೆ ಹೋಗಿದ್ದಾಗ, ಪಾಳಿ ಮುಗಿಸಿ ನೇರವಾಗಿ ಅಲ್ಲಿಗೆ ಹೋಗಿ ತಾನೂ ರಾಕ್ಷಸನಾಗಿ ಕತ್ತಿ ಬೀಸಿದೆನೆಂದು ಅವನು ಅಂದಿನಿಂದ ಹೇಳುತ್ತಲೇ ಬಂದಿದ್ದ. ಹಳೆಯ ಪ್ರತಿಯಲ್ಲಿ ರಾಕ್ಷಸರೆಲ್ಲ ಒಂದೇ ಮಸಿಯ ಮುದ್ದೆ, ಯಾರೂ ನಂಬಲಿಲ್ಲ. ಆಮೇಲೆ ಮನೆಯಲ್ಲಿ ಅವನು ಏನೇ ಹೇಳಿದರೂ ‘ಸಿನ್ಮಾ ಕತೆ’ ಎನ್ನುವುದು ರೂಢಿಯಾಯಿತು. ಹೋದ ತಿಂಗಳು ಮಂಡಿನೋವೆಂದದ್ದಕ್ಕೂ ಅದೇ ಉತ್ತರ ಸಿಕ್ಕಿತಂತೆ.

ಯುದ್ಧ ಶುರುವಾಯಿತು. ಕೋರೆಹಲ್ಲು ಕಟ್ಟಿದ ಆ ಮುಖಗಳನ್ನು ಹೆತ್ತವರೂ ಗುರುತಿಸಲಾರರು.

“ಎಲ್ಲವ್ನಯ್ಯ ನಿನ್ ರಾಕ್ಸಸ? ಇವತ್ತು ರಜಾ ಆಕವ್ನಾ?” ಎಂದಳು ಮುನಿಯಮ್ಮ.

“ಇರಮ್ಮೀ, ಬತ್ತೀನಿ.”

ಬಂದ. ಬರಿಗಾಲಿನ ಸೈನ್ಯದ ಕೊನೆಯಲ್ಲಿ ಒಂದು ಜೊತೆ ಗಣಿಯ ಬೂಟು! ಕೆಲಸದ ಜಾಗದಲ್ಲಿ ಬೂಟು ಬಿಚ್ಚಿದವನನ್ನು ನಾನು ಮನೆಗೆ ಅಟ್ಟುತ್ತಿದ್ದೆ. ಆ ಶಿಸ್ತು ಪುರಾಣಕಾಲದವರೆಗೂ ತಲುಪಿತ್ತು. ನಾನು ಚಿತ್ರವನ್ನು ನಿಲ್ಲಿಸಿದೆ. ಲೇಸಿನ ಜಾಗದಲ್ಲಿ ಬಿಳಿ ಚುಕ್ಕೆಯ ಕೆಂಪು ಬಟ್ಟೆಪಟ್ಟಿ.

“ಅಯ್ಯಯ್ಯೋ, ನನ್ ಧಾರೆ ಸೀರೆ ಅಂಚು! ಇಲಿ ಕಡ್ದೈತೆ ಅಂದಿದ್ಯಲ್ಲಯ್ಯ!”

“ಅದೊಂದೇ ಸುಳ್ಳು ಕಣಮ್ಮೀ. ಮಿಕ್ಕಿದ್ದೆಲ್ಲಾ ದಿಟ.”

ಮುನಿಯಮ್ಮ ಪರದೆಯನ್ನು ನೋಡಿದಳು. ಆಮೇಲೆ ಗಂಡನ ಕಾಲನ್ನು ನೋಡಿದಳು.

“ಅಂಗಾರೆ... ಮಂಡಿ ನೋವೂ ದಿಟಾನಾ?”

“ಊಂ.”

“ಬಾಯ್ ಬಿಟ್ಟು ಏಳ್ಬಾರ್ದಾ?”

ಹೇಳಿದ್ದನಲ್ಲ ಎನ್ನಲು ಹೊರಟ ನಾನು, ವೆಂಕಟಪ್ಪನ ಮುಖ ನೋಡಿ ಸುಮ್ಮನಾದೆ. ತಲೆಯ ಹೊರೆ ಇಳಿಸಿದವನಂತೆ ಅವನು ಕುರ್ಚಿಗೆ ಒರಗಿದ್ದ. ಚಿತ್ರ ಬೆಳಗಿಸಿದವರ ಮೇಲಿನ ನನ್ನ ದೂರನ್ನು ಅಲ್ಲೇ ವಾಪಸು ಪಡೆದೆ.

ಸಂಜೆ ಅವರನ್ನು ಬಸ್ಸು ಹತ್ತಿಸಿದೆ. ಬೆಳಿಗ್ಗೆ ಎದ್ದೊಡನೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮೆಟ್ಟಿಲೇರುವಾಗ ಮುನಿಯಮ್ಮ ಅವನ ಮೊಣಕೈ ಹಿಡಿದಿದ್ದಳು. ಮನೆಗೆ ಬಂದು, ಕತ್ತಿ ಎತ್ತಿಕೊಂಡು ಇನ್ನೂ ನಿಂತೇ ಇದ್ದ ರಾಕ್ಷಸನ ಪಾಳಿ ಮುಗಿಸಿ, ಟಿವಿ ಆರಿಸಿದೆ.