ಬಾಯ್ಲರ್ ಬಿಟ್ಟು ಹೋಗದವರು

ಅವರ ಬಲಗಣ್ಣಿನ ಹುಬ್ಬು ಅರ್ಧವೇ ಇತ್ತು. ಉಳಿದರ್ಧವನ್ನು ಯಾವತ್ತೋ ಬಾಯ್ಲರ್ ಒಲೆಯ ಬಾಗಿಲಿನಿಂದ ನುಗ್ಗಿದ ಬೆಂಕಿ ತಿಂದುಹಾಕಿತ್ತು. ಹಾಗಾಗಿ ಸುಮ್ಮನೆ ನಿಂತಾಗಲೂ ಏನೋ ಕೇಳಲು ಹೊರಟವರಂತೆ ಕಾಣುತ್ತಿದ್ದರು. ಕೇಳುತ್ತಿರಲಿಲ್ಲ. ಕೇಳಿದ್ದರೆ ನಾನು ಉದ್ಧಾರವಾಗುತ್ತಿದ್ದೆ.

ಕಡಕೊಳದ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ಬಾಯ್ಲರ್ ನೋಡಿಕೊಳ್ಳುವವರು. ಹಿರಿಯರೆಂದು ಅವರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದೆವು. ಅವರದು ರಾತ್ರಿ ಪಾಳಿಯಾದಾಗ ನನ್ನದು ಬೆಳಗಿನದು. ಉರಿಯುವ ಬಾಯ್ಲರನ್ನು ಬಿಟ್ಟು ಹೋಗುವಂತಿಲ್ಲ; ನಾನು ಹೋಗಿ ನಿಂತ ಮೇಲೆಯೇ ಅವರು ಮನೆಗೆ. ಇದು ಗೊತ್ತಿದ್ದೂ ನಾನು ದಾರಿಯಲ್ಲಿ ಬೈಕ್ ನಿಲ್ಲಿಸಿ, ಟೀ ಕುಡಿದು, ಕ್ರಿಕೆಟ್ ಹರಟೆ ಮುಗಿಸಿ ಆರಾಮವಾಗಿ ಹೋಗುತ್ತಿದ್ದೆ. ಅಷ್ಟರಲ್ಲಿ ರಾತ್ರಿ ಪಾಳಿಯವರನ್ನು ಮನೆಗೆ ಬಿಡುವ ಕಂಪನಿ ಬಸ್ಸು ಹೊರಟುಹೋಗಿರುತ್ತಿತ್ತು.

ಊಟದ ಚೀಲ ಹೆಗಲಿಗೇರಿಸಿ, ನೀರಿನ ಮಟ್ಟದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದರು. "ನೀರು ಸರ್ಯಾಗೇ ಅದೆ, ಬೆಂಕಿ ಸರ್ಯಾಗೇ ಅದೆ, ನೀನೂ ಬಂದ್ಬುಟ್ಟೆ. ಬತ್ತೀನಿ ಕಣಪ್ಪ," ಎಂದು ಹೊರಡುವರು. ಒಮ್ಮೆ ಸೂಪರ್‌ವೈಸರ್ ನನ್ನನ್ನು ಹಿಡಿದುಕೊಂಡಾಗ, "ನಾನೇ ನಿಧಾನಕ್ಕೆ ಬಾ ಅಂದಿದ್ದೆ ಸಾರ್," ಎಂದುಬಿಟ್ಟರು. ಅದನ್ನು ಕ್ಯಾಂಟೀನಿನಲ್ಲಿ ಹೇಳಿಕೊಂಡು ನಕ್ಕೆ.

ಇದಕ್ಕಿಂತ ನಾಚಿಕೆಗೇಡಿನ ಮಾತೊಂದಿದೆ. ರಾತ್ರಿ ಪಾಳಿಯಲ್ಲಿ ಬಾಯಿಗೆ ಬಂದಂತೆ ಬೈಯುವ ಇನ್ನೊಬ್ಬ ಆಸಾಮಿ ಇದ್ದ ವಾರ ನಾನು ಒಂದು ದಿನವೂ ತಡ ಮಾಡುತ್ತಿರಲಿಲ್ಲ. ಯಜಮಾನ್ರು ಬೈಯುವುದಿಲ್ಲ ಎಂಬ ಸಲಿಗೆ, ಅಷ್ಟೆ.

ಹೋದ ವರ್ಷ ಅವರು ತೀರಿಕೊಂಡರು. ತಿಂಗಳ ಮೇಲೆ, ಮಾತಾಡಿಸಿ ಬರೋಣವೆಂದು ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ, ಹಳೆಯದನ್ನೆಲ್ಲ ನೆನೆಸಿಕೊಂಡರು. ಅರಳುಮರಳಾಗಿದ್ದ ಅತ್ತೆಯನ್ನು ಒಂಟಿ ಬಿಟ್ಟರೆ ಬೀದಿಗೆ ಹೋಗಿಬಿಡುತ್ತಿದ್ದರಂತೆ. ಗಂಡ ಪಾಳಿ ಮುಗಿಸಿ ಬಂದ ಮೇಲೆಯೇ ಈಕೆ ಜಯಲಕ್ಷ್ಮಿಪುರಂನ ಹಾಸ್ಟೆಲಿಗೆ ಅಡುಗೆಗೆ ಓಡಬೇಕಿತ್ತು.

"ದಿನಾ ಲೇಟಾಗೋದು. ತಿಂಡಿ ಹೊತ್ಗೆ ಬರ್ದೆ ಇದ್ಮೇಲೆ ನೀನ್ಯಾಕಮ್ಮ ಅಂತ ಕೆಲ್ಸ ಬುಡುಸ್ಬುಟ್ರು. ಅವತ್ತು ಇವ್ರ ಮೇಲೆ ರೇಗಾಡ್ಬುಟ್ಟೆ ಕಣಪ್ಪ. ಪಾಪ, ಇವ್ರೇನ್ಮಾಡಾರು? ಬೆಳಗಾದ್ರೆ ಬಾಯ್ಲರ್ ಕೆಟ್ಟೋಯ್ತದೆ, ಅದ್ಕೇ ಲೇಟು ಅನ್ನೋರು. ಈಗ್ಲಾದ್ರೂ ಅದನ್ನ ಸರಿ ಮಾಡ್ಸುದ್ರಾ?"

ಬೆಳಗಿನ ಹೊತ್ತು ಬಾಯ್ಲರ್ ಕೆಟ್ಟಿದ್ದನ್ನು ನಾನಂತೂ ಕಂಡಿಲ್ಲ. ನಿಜ ನಾಲಿಗೆಯ ತುದಿಗೆ ಬಂತು. ಅವರ ಮುಖ ನೋಡಲಾಗದೆ ಚಾಪೆ ನೋಡುತ್ತ, "ಸರಿಹೋಗಿದೆ ಅಮ್ಮ," ಎಂದೆ.

"ಒಳ್ಳೇದಾಯ್ತು ಬುಡಪ್ಪ. ನಿಮ್ಮನೇವ್ರಾದ್ರೂ ಕಾಯೋದು ತಪ್ತು," ಎಂದು ಕಾಫಿ ತರಲು ಎದ್ದರು.