ಬುರುಜಿನಿಂದ ಇಳಿಸುವ ಮಾಶಾಬಿ

ಅಥಣಿ ರಸ್ತೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ತೊರವಿಯಾಚೆಯ ಮೊಂಡ ಬುರುಜಿನ ಮೆಟ್ಟಿಲ ಮೇಲೆ ಮಾಶಾಬಿಯ ಕಸಬರಿಗೆ ಆಗಲೇ ಸದ್ದು ಮಾಡುತ್ತಿದೆ. ಪಾರಿವಾಳದ ಪುಕ್ಕ, ಗಾಳಿ ತಂದ ಜಾಲಿಮುಳ್ಳು ಎಲ್ಲ ಗುಡಿಸುತ್ತ, ಸಡಿಲಾದ ಕಲ್ಲುಗಳನ್ನು ಕಾಲಿನಿಂದ ಒತ್ತಿ ನೋಡುತ್ತ ಮೇಲೇರುತ್ತಾರೆ. ತಲೆ ಉರುಳಿಹೋದ ಈ ಬುರುಜು ಯಾವ ಸುಲ್ತಾನನದು ಎಂದು ಕೇಳಿದರೆ ನಗುತ್ತಾರೆ. "ಕಟ್ಟಿದವ್ರು ಹೋದ್ರು. ಗುಡಿಸಾಕ ನಾ ಅದೇನಿ ನೋಡ್ರಿ."

ಗಂಡ ಅಲ್ಲಾಉದ್ದೀನ ಇಲ್ಲಿ ಕಾವಲಿಗಿದ್ದರು. ಅವರು ತೀರಿಕೊಂಡಾಗ, ಪಾಳುಜಾಗದ ಈ ಕೆಲಸ ಹೆಂಗಸಿಗೆ ಒಗ್ಗದೆಂದು ಆಡಿಕೊಂಡವರೇ ಹೆಚ್ಚು. ಮಾಶಾಬಿ ವಾದಕ್ಕೆ ನಿಲ್ಲಲಿಲ್ಲ. ಮಗಳನ್ನು ತವರಿನಲ್ಲಿ ಬಿಟ್ಟು ಕೆಲಸಕ್ಕೆ ಬಂದೇಬಿಟ್ಟರು. ಆ ಮಗಳು ಈಗ ಟಿಕೋಟಾದ ಸೊಸೆ.

ಬುರುಜು ನೋಡಲು ಬರುವವರು ಹತ್ತುವಾಗ ಹುಲಿಗಳು. ಮೇಲಿನ ತಿರುವಿನಲ್ಲಿ ಹೊರಗೋಡೆ ಬಿದ್ದಿದೆ. ಇಳಿಯುವಾಗ ಕೆಳಗಿನ ನೆಲ ಕಂಡರೆ ಕಾಲು ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ, ೧೯೭೪ರ ಬೇಸಗೆಯಲ್ಲಿ ಬಬಲೇಶ್ವರದಿಂದ ಹೊಸ ಮದುಮಕ್ಕಳು ಬೀಗರ ದಂಡಿನೊಂದಿಗೆ ಬಂದರು. ಎಲ್ಲರಿಗಿಂತ ಮುಂದೆ ಹತ್ತಿದ ಮದುಮಗ ಬೀರಣ್ಣ, ಇಳಿಯುವ ಹೊತ್ತಿಗೆ ಆ ತಿರುವಿನಲ್ಲಿ ಗೋಡೆಗಂಟಿ ಕುಳಿತುಬಿಟ್ಟ. ಹೆಂಡತಿ ಮಲಕವ್ವ ಏನು ಮಾಡಬೇಕೆಂದು ತೋಚದೆ ಪಕ್ಕದಲ್ಲೇ ನಿಂತಳು. ಕೆಳಗೆ ಬೀಗರೆಲ್ಲ ಕತ್ತೆತ್ತಿ ನೋಡತೊಡಗಿದರು. ಮೇಲೆ ಹೋದ ಮಾಶಾಬಿ ಅವನ ಬೆವರು ನೋಡಿದವರೇ ಕೆಳಗೆ ಬಗ್ಗಿ ಹೇಳಿದರು: "ಹುಡುಗಿ ಅಂಜ್ಯಾಳ್ರಿ. ಸಾವಕಾಶ ಇಳಸ್ತೇವಿ."

ಮಲಕವ್ವ ಮಾಶಾಬಿಯ ಮುಖ ನೋಡಿದಳು. ಆಮೇಲೆ ನಗು ಕಾಣದಂತೆ ಸೆರಗು ಬಾಯಿಗಿಟ್ಟು, ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮಾಶಾಬಿ ಕೆಳಗಿನ ನೆಲ ಅವನಿಗೆ ಕಾಣದಂತೆ ಬಯಲಿನ ಕಡೆಗೆ ಅಡ್ಡವಾಗಿ ಕುಳಿತು, ಬಬಲೇಶ್ವರದ ಸಂತೆ, ಭೂತನಾಳ ಕೆರೆಯ ಮೀನು ಎಂದು ಸುದ್ದಿ ತೆಗೆದರು. ಮಾತಾಡುತ್ತಲೇ ಮೂವರೂ ಕುಳಿತುಕುಳಿತು ಇಳಿದರು. ಹೆಂಡತಿಯನ್ನು ಜೋಪಾನವಾಗಿ ಇಳಿಸಿಕೊಂಡು ಬಂದನೆಂದು ಬೀಗರು ಬೀರಣ್ಣನನ್ನು ಹೊಗಳಿದ್ದೇ ಹೊಗಳಿದ್ದು.

ಈಗ ಈ ಕತೆಯನ್ನು ಬೀರಣ್ಣನೇ ನಕ್ಕು ನಕ್ಕು ಹೇಳುತ್ತಾನೆ. ಸುಗ್ಗಿ ಬಂತೆಂದರೆ ಅವನ ಹೊಲದ ಜೋಳ ಮಾಶಾಬಿಯ ಮನೆಗೆ ಬರುತ್ತದೆ. ಅಂದು ಅವನ ಮಾನ ಉಳಿಸಬೇಕೆಂದು ಯಾಕೆ ಅನ್ನಿಸಿತು ಎಂದು ಕೇಳಿದರೆ, ಮಾಶಾಬಿಗೆ ಕೆಲಸಕ್ಕೆ ಬಂದ ತಮ್ಮ ಮೊದಲ ದಿನ ನೆನಪಾಗುತ್ತದೆ. ಅದೇ ತಿರುವಿನಲ್ಲಿ ತಾವೂ ಬಿಸಿಲೇರುವ ತನಕ ಕುಳಿತಿದ್ದರಂತೆ. ಕೈ ಹಿಡಿಯಲು ಯಾರೂ ಇರಲಿಲ್ಲ.

ಸರಕಾರದವರು ಬಂದರೆ ಏನು ಕೇಳುತ್ತೀರಿ ಎಂದಾಗ ಕಸಬರಿಗೆಯಿಂದ ಮೇಲಕ್ಕೆ ತೋರಿಸುತ್ತಾರೆ. "ಆ ತಿರುವಿನ್ಯಾಗ ಒಂದು ಕಬ್ಬಿಣದ ಸರಳು ಕೂಡ್ಸಿದ್ರ ಸಾಕ್ರಿ. ಅಂಜಿದವ್ರು ಯಾರಿಗೂ ಹೇಳದಂಗ ಹಿಡ್ಕೊಂಡು ಇಳೀತಾರ."